ಸೋತವನಿಗೆ ಕಾರಣ ಗೊತ್ತಾಗಬೇಕು

ದಾವಣಗೆರೆಯ ಹಳೇ ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿ ಒಂದು ವಿಡಿಯೊ ಗೇಮ್ ಅಂಗಡಿ ಇತ್ತು. 1995ರ ಬೇಸಿಗೆ ರಜೆಯಲ್ಲಿ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಆಗ ನನಗೆ ಹದಿನಾಲ್ಕು. ಕೆಟ್ಟ ಬಟನ್ ಬಿಚ್ಚಿ ಬೇರೆ ಹಾಕುವುದು, ಜಾಯ್‌ಸ್ಟಿಕ್ಕಿನ ತಳದಲ್ಲಿ ಕೂತ ದೂಳು ತೆಗೆಯುವುದು, ಕಿತ್ತುಬಂದ ವೈರಿಗೆ ಬೆಸುಗೆ ಹಾಕುವುದು ನನ್ನ ಕೆಲಸ. ಈಗ ಇನ್ವರ್ಟರ್, ಯುಪಿಎಸ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಸಾಲ್ಡರಿಂಗ್ ಕಡ್ಡಿ ಮೊದಲು ಕೈಗೆ ಸಿಕ್ಕಿದ್ದು ಅಲ್ಲೇ. ಅಂಗಡಿಯಲ್ಲಿ ಆರು ಮಷಿನ್ ಇದ್ದವು. ಎಲ್ಲರೂ 'ಮುಸ್ತಫಾ' ಎಂದೇ ಕರೆಯುತ್ತಿದ್ದ ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್ ಮುಂದೆ ಯಾವಾಗಲೂ ಗುಂಪು. ಆದರೆ ನನಗೆ ಹೆಚ್ಚು ಕೆಲಸ ಕೊಡುತ್ತಿದ್ದುದು ಮೂಲೆಯಲ್ಲಿದ್ದ ಸ್ಟ್ರೀಟ್ ಫೈಟರ್ 2. ವಾರಕ್ಕೊಂದು ಬಟನ್ನಾದರೂ ಸವೆದು ಹೋಗುತ್ತಿತ್ತು. ಅಲ್ಲಿ ಸೋತ ಹುಡುಗ ಮನೆಗೆ ಹೋಗದೆ, ಹಿಂದೆ ನಿಂತು ಎರಡು ಆಟ ನೋಡಿ, ಮತ್ತೆ ರೂಪಾಯಿ ಹಿಡಿದು ಮುಂದೆ ಬರುತ್ತಿದ್ದ.

ಈಗ 'ಭಾಗ ಎರಡು' ಎಂದರೆ ಜನ ಮೊದಲು ಕೇಳುವುದು 'ಏನೇನು ಜಾಸ್ತಿ ಹಾಕಿದ್ದಾರೆ' ಎಂದು. ಸಿನಿಮಾಕ್ಕೂ ಅದೇ ಪ್ರಶ್ನೆ, ಆಟಕ್ಕೂ ಅದೇ. ಬರೀ ಜಾಸ್ತಿ ಹಾಕಿದ್ದರಿಂದ ಒಂದು ಆಟ ಮೂವತ್ತು ವರ್ಷ ಬಾಳುವುದಿಲ್ಲ. ಕಾದಾಟದ ಆಟವೊಂದರ ಎರಡನೆಯ ಭಾಗ ಮೊದಲನೆಯದನ್ನು ಮೀರಿ ನಿಲ್ಲಬೇಕಾದರೆ, ಅದರಲ್ಲಿ ಸೋತವನಿಗೆ ತಾನು ಏಕೆ ಸೋತೆ ಎಂಬುದು ಕಣ್ಣಿಗೆ ಕಾಣಬೇಕು. ಆಗ ಅವನು ಮತ್ತೆ ಜೇಬಿಗೆ ಕೈ ಹಾಕುವುದು ತಿದ್ದಿಕೊಳ್ಳುವುದಕ್ಕೆ. ಸ್ಟ್ರೀಟ್ ಫೈಟರ್ 2 ಈ ಮಾತಿಗೆ ನನಗೆ ಗೊತ್ತಿರುವ ದೊಡ್ಡ ಸಾಕ್ಷಿ.

ಮೊದಲ ಸ್ಟ್ರೀಟ್ ಫೈಟರ್ 1987ರದು. ಜಪಾನಿನ ಒಸಾಕಾದ ಕ್ಯಾಪ್‌ಕಾಮ್ ಕಂಪನಿಯಲ್ಲಿ ತಕಾಶಿ ನಿಶಿಯಾಮಾ ಮತ್ತು ಹಿರೋಶಿ ಮತ್ಸುಮೊಟೊ ಮಾಡಿದ್ದು. ನಮ್ಮ ಅಂಗಡಿಗೆ ಅದು ಬಂದಿರಲಿಲ್ಲ. ಹನ್ನೆರಡು ಹಳೆಯ ಆಟಗಳನ್ನು ಸೇರಿಸಿ 2018ರಲ್ಲಿ ಕಂಪನಿ ಹೊರತಂದ ಮೂವತ್ತನೇ ವರ್ಷದ ಸಂಗ್ರಹದಲ್ಲಿ ನಾನು ಅದನ್ನು ಆಡಿದೆ. ಆಡುವವನಿಗೆ ಸಿಗುವುದು ರಿಯೂ ಒಬ್ಬನೇ. ಜೊತೆಗೆ ಇನ್ನೊಬ್ಬರು ಬಂದರೆ ಅವರಿಗೆ ಕೆನ್. ಬಟ್ಟೆ, ಕೂದಲು ಬೇರೆ, ಪಟ್ಟುಗಳೆಲ್ಲ ರಿಯೂದೇ. ಐದು ದೇಶ, ಹತ್ತು ಎದುರಾಳಿ. ಮೊದಮೊದಲ ಮಷಿನ್‌ಗಳಲ್ಲಿ ಬಟನ್ ಬದಲು ಗುದ್ದಿಗೊಂದು, ಒದೆಗೊಂದು ದಪ್ಪ ದಿಂಬು ಕೂರಿಸಿದ್ದರು. ನೀವು ಎಷ್ಟು ಜೋರಾಗಿ ಹೊಡೆಯುತ್ತೀರೋ ಪರದೆಯ ಮೇಲಿನ ಏಟೂ ಅಷ್ಟೇ ಜೋರು. ಅದು ಬಾಳಲಿಲ್ಲ, ಆರು ಬಟನ್ನಿನ ಮಷಿನ್ ಉಳಿಯಿತು.

ಆ ಆಟದಲ್ಲಿ ಗುಟ್ಟಿನ ಪಟ್ಟುಗಳಿದ್ದವು. ಅಂಗೈಯಿಂದ ಬೆಂಕಿಯ ಉಂಡೆ ಬಿಡುವುದು, ಗಾಳಿಗೆ ಚಿಮ್ಮಿ ಗುದ್ದುವುದು. ಯೋಚನೆ ಬಹಳ ದೊಡ್ಡದು. ಆದರೆ ನನ್ನ ಕೈಗೆ ಅವು ಹತ್ತು ಸಲ ತಿರುಗಿಸಿದರೆ ಒಂದೆರಡು ಸಲ ಬಂದವು. ಬಂದಾಗ ಏನು ಸರಿ ಮಾಡಿದೆ, ಬಾರದಾಗ ಏನು ತಪ್ಪು ಮಾಡಿದೆ ಎಂದು ಎರಡು ದಿನ ಆಡಿದರೂ ತಿಳಿಯಲಿಲ್ಲ. ಗೆದ್ದರೂ ಕಾರಣ ಗೊತ್ತಿಲ್ಲ, ಸೋತರೂ ಗೊತ್ತಿಲ್ಲ.

ನಿಶಿಯಾಮಾ, ಮತ್ಸುಮೊಟೊ ಇಬ್ಬರೂ ಕ್ಯಾಪ್‌ಕಾಮ್ ಬಿಟ್ಟು ಹೋದರು. ಕಂಪನಿ 1989ರಲ್ಲಿ ಫೈನಲ್ ಫೈಟ್ ಎಂಬ ಬೇರೆ ಬಗೆಯ ಆಟ ತಂದಿತು; ಅದಕ್ಕೆ ಮೊದಲು 'ಸ್ಟ್ರೀಟ್ ಫೈಟರ್ 89' ಎಂದೇ ಹೆಸರಿಟ್ಟಿದ್ದರಂತೆ, ಆಮೇಲೆ ಬದಲಾಯಿಸಿದರು. ಹೆಸರು ಬದಲಾದದ್ದು ಒಳ್ಳೆಯದೇ ಆಯಿತು. ನಿಜವಾದ ಎರಡನೆಯ ಭಾಗ ಬಂದದ್ದು 1991ರಲ್ಲಿ. ಯೋಶಿಕಿ ಒಕಮೊಟೊ ಅದರ ಉಸ್ತುವಾರಿ. ಅಕಿರಾ ನಿಶಿತಾನಿ ಆಟದ ಕಟ್ಟಳೆ ಕಟ್ಟಿದವರು. ಅಕಿರಾ ಯಸುದಾ ದೇಹಗಳನ್ನು ಬರೆದವರು. ಮೊದಲ ಆಟ ಕೊಡುತ್ತೇನೆಂದು ಹೇಳಿ ಕೊಡದೇ ಹೋದದ್ದನ್ನು ಇವರು ತಂದು ಆಡುವವರ ಕೈಗೆ ಕೊಟ್ಟರು.

ಕೈಗೆ ಎಂದರೆ ನಿಜವಾಗಿಯೂ ಕೈಗೆ. ಆ ಜಾಯ್‌ಸ್ಟಿಕ್ಕನ್ನು ತಿರುವಿ ಹಾಕಿದರೆ ತಳದಲ್ಲಿ ನಾಲ್ಕೇ ನಾಲ್ಕು ಮೈಕ್ರೊಸ್ವಿಚ್. ಕೋಲಿನ ಹಿಡಿ ಬಲಕ್ಕೆ ವಾಲಿದರೆ ತಳದ ತುದಿ ಎಡಕ್ಕೆ ಸರಿದು ಎಡಗಡೆಯ ಸ್ವಿಚ್ಚನ್ನು ಒತ್ತುತ್ತದೆ. ಅದಕ್ಕೇ ವೈರುಗಳನ್ನು ಅದಲು ಬದಲು ಹಾಕಬೇಕು. ಮೊದಲ ವಾರ ನಾನು ಇದನ್ನು ತಿಳಿಯದೆ ಕೂರಿಸಿದಾಗ ಆಟಗಾರರು ಹಿಂದೆ ಹೋಗುವ ಬದಲು ಎದುರಾಳಿಯ ಮೇಲೆ ಹೋಗಿ ಬಿದ್ದರು. ಮೂಲೆಗೆ ತಳ್ಳಿದರೆ ಎರಡು ಸ್ವಿಚ್ ಒಟ್ಟಿಗೆ ಒತ್ತಿಕೊಳ್ಳುತ್ತವೆ. ಹೀಗೆ ನಾಲ್ಕು ಸ್ವಿಚ್ಚಿನಿಂದ ಎಂಟು ದಿಕ್ಕು. ರಿಯೂನ ಬೆಂಕಿಯುಂಡೆಗೆ ಕೋಲನ್ನು ಕೆಳಗೆ ಎಳೆದು, ಹಾಗೇ ಮೂಲೆಗೆ ಜಾರಿಸಿ, ಮುಂದಕ್ಕೆ ತಂದು ಗುದ್ದಿನ ಬಟನ್ ಒತ್ತಬೇಕು. ಒರಳಿನ ಗುಂಡನ್ನು ಕಾಲು ಸುತ್ತು ತಿರುಗಿಸಿದ ಹಾಗೆ. ಕೈ ಪಳಗಿದವರು ಆಡುವಾಗ ಪಕ್ಕದಲ್ಲಿ ನಿಂತರೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು: ಒಂದು ಟಿಕ್, ಅದರ ಬೆನ್ನಿಗೇ ಇನ್ನೊಂದು ಟಿಕ್, ಮೊದಲ ಸ್ವಿಚ್ ಬಿಟ್ಟ ಮೆಲು ಸದ್ದು, ಆಮೇಲೆ ಬಟನ್ನಿನ ದಪ್ಪ ಸದ್ದು.

ಇದನ್ನು ಮಾಡಿದವರು ಕಲಿಯುವವನ ಬೆರಳನ್ನು ಎಷ್ಟು ಹತ್ತಿರದಿಂದ ನೋಡಿದ್ದರು ಎಂಬುದಕ್ಕೆ ಒಂದು ಸಣ್ಣ ಸಂಗತಿ ಸಾಕು. ಬಟನ್ ಒತ್ತಿದಾಗ ಮಾತ್ರವಲ್ಲ, ಒತ್ತಿದ ಬಟನ್ ಬಿಟ್ಟಾಗಲೂ ಪಟ್ಟು ಬರುತ್ತದೆ. ಅವಸರಪಟ್ಟು ಬೆರಳು ಮುಂಚೆಯೇ ಇಳಿಸಿದವನಿಗೂ ಬೆರಳು ಎತ್ತುವಾಗ ಇನ್ನೊಂದು ಅವಕಾಶ. ನಮ್ಮ ಅಂಗಡಿಯ ಹುಡುಗರಿಗೆ ಇದು ಗೊತ್ತಿರಲಿಲ್ಲ. ಪಟ್ಟು ಬರುತ್ತಿತ್ತು, ಬರಬರುತ್ತ ಇನ್ನೂ ಚೆನ್ನಾಗಿ ಬರುತ್ತಿತ್ತು, ಅಷ್ಟೇ. ಮೊದಲ ಆಟದಲ್ಲಿ ಅದೃಷ್ಟವಾಗಿದ್ದದ್ದು ಇಲ್ಲಿ ವಿದ್ಯೆಯಾಯಿತು.

ಇನ್ನು ಎಂಟು ಜನ. ರಿಯೂ, ಕೆನ್, ಹೊಂಡಾ, ಬ್ಲಾಂಕಾ, ಗೈಲ್, ಚುನ್ ಲೀ, ಜಾಂಗೀಫ್, ಧಾಲ್ಸಿಮ್. ಒಬ್ಬರಿಂದ ಎಂಟಾದರು ಎಂಬುದು ಲೆಕ್ಕದ ಮಾತು. ಎಂಟು ದೇಹಕ್ಕೂ ಬೇರೆ ಬೇರೆ ಕಟ್ಟಳೆ ಇದ್ದದ್ದು ಮುಖ್ಯ. ಜಾಂಗೀಫ್‌ನ ದೊಡ್ಡ ಪಟ್ಟಿಗೆ ಒರಳನ್ನು ಪೂರಾ ಒಂದು ಸುತ್ತು ತಿರುವಬೇಕು, ಅದೂ ಎದುರಾಳಿಯ ಮೈಗೆ ಅಂಟಿಕೊಂಡು ನಿಂತು. ಚುನ್ ಲೀಗೆ ಒದೆಯ ಬಟನ್ನನ್ನು ಪಟಪಟ ಬಡಿಯಬೇಕು. ನಾನು ಬದಲಿಸಿದ ಬಟನ್ನುಗಳಲ್ಲಿ ಅರ್ಧ ಅವಳ ಲೆಕ್ಕಕ್ಕೇ. ಯೋಕೊ ಶಿಮೊಮುರಾ ಒಬ್ಬೊಬ್ಬರ ಊರಿಗೂ ಬೇರೆ ಸಂಗೀತ ಕೊಟ್ಟರು. ಒಬ್ಬನ ಜೀವ ಮುಗಿಯುತ್ತ ಬಂದರೆ ಅದೇ ರಾಗ ವೇಗ ಪಡೆಯುತ್ತದೆ. ಬಾಗಿಲ ಹೊರಗಿದ್ದವರೂ ಅದನ್ನು ಕೇಳಿ ಒಳಗೆ ಓಡಿ ಬರುತ್ತಿದ್ದರು.

ಧಾಲ್ಸಿಮ್ ನಮ್ಮ ದೇಶದವನು. ಕೊರಳಲ್ಲಿ ತಲೆಬುರುಡೆಗಳ ಸರ, ಬಾಯಲ್ಲಿ ಬೆಂಕಿ, ಹಿಂದೆ ಸಾಲಾಗಿ ನಿಂತ ಆನೆ. ಹುಡುಗನಾಗಿದ್ದಾಗ ಪರದೆಯ ಭೂಪಟದಲ್ಲಿ ವಿಮಾನ ಭಾರತಕ್ಕೆ ಬಂದಿಳಿಯುವುದೇ ನನಗೆ ಹಬ್ಬ. ದೊಡ್ಡವನಾದ ಮೇಲೆ ಆ ಬುರುಡೆ ಸರ ನೋಡಿ ಬೇಸರವಾಗಿದೆ. ಯೋಗ ಮಾಡುವವನು ಎಂದರೆ ಹೀಗೆಯೇ ಎಂದು ಎಷ್ಟು ದೇಶದ ಮಕ್ಕಳು ನಂಬಿಕೊಂಡರೋ. ಆದರೆ ಆಟದ ಕಟ್ಟಳೆಯಾಗಿ ನೋಡಿದರೆ ಎಂಟು ಜನರಲ್ಲಿ ಇವನೇ ನನಗೆ ಹೆಚ್ಚು ಇಷ್ಟ. ಅವನ ಕೈಕಾಲು ಅರ್ಧ ಪರದೆಯವರೆಗೆ ಚಾಚುತ್ತವೆ, ಯಾರಿಗೂ ಇಲ್ಲದ ಅನುಕೂಲ ಅದು. ಆದರೆ ಚಾಚಿದ ಕೈಯೂ ಅವನ ಮೈಯೇ. ಅದಕ್ಕೆ ಹೊಡೆದರೆ ಅವನಿಗೇ ಪೆಟ್ಟು. ದೂರ ತಲುಪಿದಷ್ಟೂ ಪೆಟ್ಟು ತಿನ್ನುವ ಜಾಗ ಬೆಳೆಯುತ್ತದೆ. ಧಾಲ್ಸಿಮ್ ಹಿಡಿದು ಸೋತವನು ಯಾರನ್ನೂ ಕೇಳಬೇಕಿಲ್ಲ. ಯಾವ ಹೊತ್ತಿನಲ್ಲಿ ಕೈ ಚಾಚಬಾರದಿತ್ತು ಎಂಬುದು ಪರದೆಯ ಮೇಲೆ ಬರೆದಿಟ್ಟಂತೆ ಕಾಣುತ್ತದೆ.

ಅಂಗಡಿಯಲ್ಲಿ ದಿನಾ ಜಗಳವಾಗುತ್ತಿದ್ದುದು ಎತ್ತಿ ಒಗೆಯುವ ವಿಷಯಕ್ಕೆ. ಹತ್ತಿರ ಬಂದು ಕೋಲು ಒತ್ತಿ ಗುದ್ದಿನ ಬಟನ್ ಅದುಮಿದರೆ ಎದುರಾಳಿಯನ್ನು ಎತ್ತಿ ಎಸೆಯಬಹುದು. ಅದಕ್ಕೆ ತಡೆ ಇಲ್ಲ. 'ಮೋಸ, ಮೋಸ' ಎಂದು ಕೂಗಾಟ. ಎರಡು ಸಲ ಎಸೆದರೆ ಮೂರನೆಯದಕ್ಕೆ ಕೊರಳಪಟ್ಟಿಗೆ ಕೈ ಬರುತ್ತಿತ್ತು. ಮಾಲೀಕರು ಮಷಿನ್ ಮೇಲೆ 'ಎಸೆಯಬಾರದು' ಎಂದು ರಟ್ಟಿನ ಬೋರ್ಡು ಅಂಟಿಸಿದರು. ಮೂರೇ ದಿನ. ಎಸೆತ ಹೋದ ಮೇಲೆ ಎಲ್ಲರೂ ಕೋಲನ್ನು ಹಿಂದಕ್ಕೆಳೆದು ತಡೆ ಹಿಡಿದು ಕೂತರು. ಗಡಿಯಾರ 99ರಿಂದ ಸೊನ್ನೆಗೆ ಇಳಿಯುವವರೆಗೆ ಯಾರೂ ಏಳಲಿಲ್ಲ. ಹೊಡೆತವನ್ನು ತಡೆ ನಿಲ್ಲಿಸುತ್ತದೆ, ತಡೆಯನ್ನು ಎಸೆತ ಮುರಿಯುತ್ತದೆ, ಎಸೆಯಲು ಹತ್ತಿರ ಬಂದವನಿಗೆ ಹೊಡೆತ ಬೀಳುತ್ತದೆ. ಮೂರರಲ್ಲಿ ಒಂದನ್ನು ಕಿತ್ತರೆ ಆಟವೇ ಇಲ್ಲ. ಬೋರ್ಡನ್ನು ನಾನೇ ಕಿತ್ತೆ.

ಈಗ ಮಂಡಕ್ಕಿ ಭಟ್ಟಿಯ ಅಣ್ಣನ ವಿಷಯ. ನನಗಿಂತ ಏಳೆಂಟು ವರ್ಷ ದೊಡ್ಡವನು, ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಭಟ್ಟಿಯಲ್ಲಿ ಕೆಲಸ, ಮೂರು ಗಂಟೆಗೆ ನಮ್ಮಲ್ಲಿಗೆ. ಆಡುವುದು ಗೈಲ್ ಒಬ್ಬನನ್ನೇ. ಗೈಲ್‌ನ ಪಟ್ಟುಗಳಿಗೆ ಸುತ್ತು ಇಲ್ಲ. ಕೋಲನ್ನು ಹಿಂದಕ್ಕೆಳೆದು ಸ್ವಲ್ಪ ಹೊತ್ತು ಹಿಡಿದು, ಮುಂದಕ್ಕೆ ತಳ್ಳಿ ಗುದ್ದು ಒತ್ತಿದರೆ ಸೋನಿಕ್ ಬೂಮ್ ಹಾರುತ್ತದೆ. ಕೆಳಕ್ಕೆಳೆದು ಹಿಡಿದು ಮೇಲಕ್ಕೆ ತಳ್ಳಿ ಒದ್ದರೆ ಪಲ್ಟಿ ಒದೆ. ಕೆಳಗಿನ ಹಿಂದಿನ ಮೂಲೆಯಲ್ಲಿ ಕೋಲು ಹಿಡಿದು ಕೂತರೆ ಎರಡೂ ಒಟ್ಟಿಗೆ ತಯಾರಾಗುತ್ತವೆ, ತಡೆಯೂ ನಿಂತಿರುತ್ತದೆ. ಅಣ್ಣ ಅಲ್ಲೇ ಕೂರುತ್ತಿದ್ದ. ನಾನು ದೂರ ನಿಂತರೆ ಬೂಮ್, ಅದನ್ನು ದಾಟಲು ಹಾರಿದರೆ ಪಲ್ಟಿ ಒದೆ. ಎರಡು ತಿಂಗಳು ಒಂದು ಸುತ್ತನ್ನೂ ಗೆಲ್ಲಲಿಲ್ಲ.

ಒಂದು ದಿನ ಅಣ್ಣನೇ ಹೇಳಿದ: "ಲೇ ತಮ್ಮಾ, ಬೂಮ್ ನೋಡಿ ಹಾರ್ತೀಯಲ್ಲ, ಅದಕ್ಕೇ ಬೀಳ್ತಿ. ನಾನು ಬಿಡೋಕಿಂತ ಮುಂಚೆ ಹಾರು." ಮನೆಗೆ ಹೋಗಿ ಊಟ ಮಾಡುವಾಗ ಅರ್ಥವಾಯಿತು. ಬೂಮ್ ಬಿಡಬೇಕಾದರೆ ಅವನು ಕೋಲನ್ನು ಮೂಲೆಯಿಂದ ಮುಂದಕ್ಕೆ ತರಲೇಬೇಕು. ತಂದ ಕ್ಷಣ ಪಲ್ಟಿ ಒದೆಯ ತಯಾರಿಯೂ ಕೈಬಿಡುತ್ತದೆ. ಆ ಹೊತ್ತಿಗೆ ನಾನು ಆಗಲೇ ಅವನ ತಲೆಯ ಮೇಲೆ ಇದ್ದರೆ ಅವನ ಕೈಯಲ್ಲಿ ದೊಡ್ಡ ಪಟ್ಟು ಒಂದೂ ಇರುವುದಿಲ್ಲ. ಆದರೆ ಯಾವಾಗ ಬಿಡುತ್ತಾನೆಂದು ತಿಳಿಯುವುದು ಹೇಗೆ? ಮಷಿನ್ ಮುಂದೆ ನಾವು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದೆವು. ಬೂಮ್‌ಗೆ ಮುಂಚೆ ಅಣ್ಣನ ಎಡ ಭುಜ ಒಂದು ಎಳೆಯಷ್ಟು ಬಿಗಿಯುತ್ತಿತ್ತು. ಮರುದಿನ ಪರದೆಯನ್ನು ಬಿಟ್ಟು ಆ ಭುಜಕ್ಕೆ ಕಾದೆ. ಬಿಗಿಯಿತು. ಹಾರಿದೆ. ಬೂಮ್ ನನ್ನ ಕಾಲ ಕೆಳಗೆ ಹೋಯಿತು, ನನ್ನ ಒದೆ ಗೈಲ್‌ನ ಕೊರಳಿಗೆ ಬಿತ್ತು.

ಆಟವನ್ನು ಮನುಷ್ಯ ಮತ್ತು ಮಷಿನ್ ನಡುವಿನಿಂದ ತೆಗೆದು ಇಬ್ಬರು ಮನುಷ್ಯರ ನಡುವೆ ಇಟ್ಟದ್ದು ಈ ಎರಡನೆಯ ಭಾಗ. ಗರಡಿಯಲ್ಲಿ ಬೆಳೆದ ಪೈಲ್ವಾನರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎದುರಾಳಿಯ ಪಟ್ಟಿಗಿಂತ ಮುಂಚೆ ಅವನ ಮೈ ಏನು ಹೇಳುತ್ತದೆ ಎಂಬುದನ್ನೇ ಅಲ್ಲೂ ಕಲಿಸುವುದು.

ಜಾಸ್ತಿ ಹಾಕಿದರೆ ಏನಾಗುತ್ತದೆ ಎಂಬುದನ್ನೂ ಅದೇ ಅಂಗಡಿಯಲ್ಲಿ ಕಂಡೆ. ಮಾಲೀಕರು ಎಲ್ಲಿಂದಲೋ ಸ್ಟ್ರೀಟ್ ಫೈಟರ್ 2ರ ಕಳ್ಳ ಸರ್ಕಿಟ್ ಬೋರ್ಡೊಂದನ್ನು ತಂದು ಮಷಿನ್ ಒಳಗೆ ಹಾಕಿಸಿದರು. ಅದರಲ್ಲಿ ಬೆಂಕಿಯುಂಡೆಗಳು ಗಾಳಿಯಲ್ಲೂ ಬರುತ್ತಿದ್ದವು, ಎದುರಾಳಿಯನ್ನು ಹುಡುಕಿಕೊಂಡು ಹೋಗುತ್ತಿದ್ದವು. ಸ್ಟಾರ್ಟ್ ಬಟನ್ ಒತ್ತಿದರೆ ಆಟದ ನಡುವೆಯೇ ರಿಯೂ ಹೋಗಿ ಬ್ಲಾಂಕಾ ಆಗುತ್ತಿದ್ದ. ಮೊದಲ ವಾರ ಕಾಲಿಡಲು ಜಾಗವಿರಲಿಲ್ಲ. ಎರಡನೇ ವಾರ ಅಣ್ಣ ಬರುವುದನ್ನು ನಿಲ್ಲಿಸಿದ. ಮೂರನೇ ವಾರ ಆ ಬಟನ್ನುಗಳಿಗೆ ರಿಪೇರಿಯೇ ಬರಲಿಲ್ಲ. ಅಲ್ಲಿ ಸೋತವನು ನಕ್ಕು ಹೋಗುತ್ತಿದ್ದ, ಹಿಂದೆ ನಿಂತು ನೋಡುತ್ತಿರಲಿಲ್ಲ. ನೋಡಿ ಕಲಿಯುವುದಕ್ಕೆ ಏನೂ ಇರಲಿಲ್ಲ.

ಇಂಥ ಕಳ್ಳ ಬೋರ್ಡುಗಳು ಆಗ ಅನೇಕ ದೇಶಗಳಲ್ಲಿ ಹರಡಿದ್ದವು. 1992ರ ಕೊನೆಯಲ್ಲಿ ಕ್ಯಾಪ್‌ಕಾಮ್ ಅದಕ್ಕೆ ಕೊಟ್ಟ ಉತ್ತರ 'ಹೈಪರ್ ಫೈಟಿಂಗ್'. ಜನ ಅಲ್ಲಿ ಮೆಚ್ಚಿದ್ದು ವೇಗವನ್ನು ಎಂದು ಅರಿತು ವೇಗ ಹೆಚ್ಚಿಸಿದರು, ಕೆಲವರಿಗೆ ಮಾತ್ರ ಗಾಳಿಯಲ್ಲಿ ಒಂದು ಪಟ್ಟು ಕೊಟ್ಟರು, ಉಳಿದ ಹುಚ್ಚನ್ನೆಲ್ಲ ಬಿಟ್ಟರು. ಅದೇ ವರ್ಷ ಮೊದಲು ಬಂದಿದ್ದ ಚಾಂಪಿಯನ್ ಎಡಿಶನ್ನಿನಲ್ಲಿ ಕೊನೆಯ ನಾಲ್ವರು ದೊಡ್ಡ ಎದುರಾಳಿಗಳೂ ಆಟಗಾರನ ಕೈಗೆ ಬಂದಿದ್ದರು. ಏನು ತೆಗೆದುಕೊಳ್ಳಬೇಕು, ಏನು ಬಿಡಬೇಕು ಎಂಬ ಈ ವಿವೇಕ ಎಷ್ಟು ಅಪರೂಪ ಎಂದು ಇವತ್ತಿನ ಆಟಗಳನ್ನು ನೋಡಿದಾಗ ಗೊತ್ತಾಗುತ್ತದೆ.

ತಪ್ಪನ್ನು ಉಳಿಸಿಕೊಳ್ಳಲೂ ವಿವೇಕ ಬೇಕು. ಕಾರನ್ನು ಪುಡಿ ಮಾಡುವ ಬೋನಸ್ ಸುತ್ತನ್ನು ಪರೀಕ್ಷಿಸುವಾಗ ಕ್ಯಾಪ್‌ಕಾಮಿನ ನೊರಿತಕಾ ಫುನಮಿಜು ಒಂದು ವಿಚಿತ್ರ ಕಂಡರು: ಒಂದು ಏಟು ಮುಗಿಯುವ ಮುಂಚೆ ಇನ್ನೊಂದು ಏಟನ್ನು ತೂರಿಸಬಹುದಿತ್ತು. ಬೇಕೆಂದು ಮಾಡಿದ್ದಲ್ಲ. ಅದರ ಹದ ಹಿಡಿಯುವುದು ಕಷ್ಟವೆಂದುಕೊಂಡು ಸರಿಪಡಿಸದೆ ಹಾಗೇ ಬಿಟ್ಟರು. ಇಂದು ಕಾದಾಟದ ಆಟಗಳಲ್ಲೆಲ್ಲ 'ಕಾಂಬೊ' ಎಂಬುದು ಜೀವಾಳ. ಅದರ ಬೇರು ಆ ಬಿಟ್ಟ ತಪ್ಪಿನಲ್ಲಿದೆ.

ಎಲ್ಲ ಮುಂದಿನ ಭಾಗಗಳೂ ಕೂಡಲೇ ಗೆಲ್ಲುವುದಿಲ್ಲ. 1997ರಲ್ಲಿ ಸ್ಟ್ರೀಟ್ ಫೈಟರ್ 3 ಬಂದಾಗ ಹಳಬರಲ್ಲಿ ಉಳಿದಿದ್ದವರು ರಿಯೂ, ಕೆನ್ ಇಬ್ಬರೇ. ಜನಕ್ಕೆ ಸಿಟ್ಟು ಬಂತು. ಚುನ್ ಲೀಯನ್ನು ಮತ್ತೆ ಕರೆತಂದ 'ಥರ್ಡ್ ಸ್ಟ್ರೈಕ್' 1999ರಲ್ಲಿ ಬರುವ ಹೊತ್ತಿಗೆ ಅಂಗಡಿಗಳೇ ಮುಚ್ಚುತ್ತಿದ್ದವು, ನಮ್ಮದೂ ಮುಚ್ಚಿತ್ತು. ಆದರೂ ಆ ಆಟ ಉಳಿಯಿತು, ಅದರ 'ಪ್ಯಾರಿ' ಎಂಬ ಒಂದೇ ಕಟ್ಟಳೆಯಿಂದ. ಅಲ್ಲಿಯವರೆಗೆ ಏಟು ತಡೆಯಲು ಕೋಲನ್ನು ಹಿಂದಕ್ಕೆಳೆಯಬೇಕಿತ್ತು. ಇಲ್ಲಿ ಏಟು ಮೈ ಮುಟ್ಟುವ ಕ್ಷಣಕ್ಕೆ ಸರಿಯಾಗಿ ಕೋಲನ್ನು ಮುಂದಕ್ಕೆ, ಏಟಿನ ಕಡೆಗೇ ತಟ್ಟಿದರೆ ಒಂದಿಷ್ಟೂ ನೋವಿಲ್ಲದೆ ತಪ್ಪುತ್ತದೆ. ಹದ ತಪ್ಪಿದರೆ ಪೂರಾ ಪೆಟ್ಟು.

2004ರ ಆಗಸ್ಟ್, ಕ್ಯಾಲಿಫೋರ್ನಿಯಾದ ಪೊಮೊನಾದಲ್ಲಿ ಕಾದಾಟದ ಆಟಗಳ ಇವೊ ಪಂದ್ಯಾವಳಿ. ಆಟ ಇದೇ ಥರ್ಡ್ ಸ್ಟ್ರೈಕ್. ಜಪಾನಿನ ದೈಗೊ ಉಮೆಹರಾ ಕೆನ್ ಹಿಡಿದಿದ್ದರು, ಅಮೆರಿಕದ ಜಸ್ಟಿನ್ ವಾಂಗ್ ಚುನ್ ಲೀ. ದೈಗೊ ಅವರ ಲೈಫ್ ಒಂದು ಗೆರೆಯಷ್ಟೂ ಉಳಿದಿರಲಿಲ್ಲ. ಈ ಆಟದಲ್ಲಿ ದೊಡ್ಡ ಪಟ್ಟನ್ನು ತಡೆದರೂ ಚೂರು ಜೀವ ಹೋಗುತ್ತದೆ, ಅಂದರೆ ತಡೆದರೂ ಸಾವೇ. ವಾಂಗ್ 15 ಒದೆಗಳ ಪಟ್ಟನ್ನು ಬಿಟ್ಟರು. ದೈಗೊ ಒಂದೊಂದು ಒದೆಗೂ ಒಂದೊಂದು ಸಲ ಕೋಲು ಮುಂದಕ್ಕೆ ತಟ್ಟಿದರು, ಕೊನೆಯದನ್ನು ಗಾಳಿಗೆ ಹಾರಿ ತಟ್ಟಿದರು, ಇಳಿದು ಬಂದು ಮುಗಿಸಿದರು. ಎರಡು ಮೂರು ವರ್ಷ ಕಳೆದು ಸೈಬರ್ ಸೆಂಟರೊಂದರಲ್ಲಿ, ಅರ್ಧರ್ಧಕ್ಕೆ ನಿಲ್ಲುತ್ತಿದ್ದ ಇಂಟರ್ನೆಟ್ಟಿನಲ್ಲಿ ನಾನು ಆ ವಿಡಿಯೊ ನೋಡಿದೆ. ಸಭೆಯ ಕೂಗು ಕಿವಿಗೆ ಅಪ್ಪಳಿಸಿತು. ನನಗೆ ನೆನಪಾದದ್ದು ಅಣ್ಣನ ಭುಜ. ಮೊದಲ ಒದೆಯನ್ನು ಕಂಡ ಮೇಲೆ ಕೈ ಆಡಿಸಿದ್ದರೆ ದೈಗೊಗೆ ತಡವಾಗುತ್ತಿತ್ತು. ವಾಂಗ್ ಈಗ ಬಿಡುತ್ತಾರೆ ಎಂದು ಅವರು ಮುಂಚೆಯೇ ಓದಿಕೊಂಡಿದ್ದರು.

2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸ್ಟ್ರೀಟ್ ಫೈಟರ್ 5 ಪದಕದ ಆಟವಾಯಿತು. ಚಿನ್ನ ಗೆದ್ದವರು ದಕ್ಷಿಣ ಕೊರಿಯಾದ ಕಿಮ್ ಗ್ವಾನ್ ವೂ, ವಯಸ್ಸು 44. ಈ ಆಟ ಬೆರಳಿನ ಚುರುಕು ಮಾತ್ರವಾಗಿದ್ದರೆ ಆ ವಯಸ್ಸಿನವರು ಇಪ್ಪತ್ತರ ಹುಡುಗರ ನಡುವೆ ಅಲ್ಲಿಗೆ ತಲುಪುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಈಗ ಆಟ ಕಟ್ಟುವ ಯುವಕ ಯುವತಿಯರು ಬಹಳ ಜನ ಇದ್ದಾರೆ. ಅವರಿಗೆ ನನ್ನ ಕೋರಿಕೆ ಇಷ್ಟೇ. ಎರಡನೆಯ ಭಾಗ ಮಾಡುವಾಗ ಇಬ್ಬರನ್ನು ಒಂದೇ ಬೆಂಚಿನಲ್ಲಿ ಕೂರಿಸಿ ಆಡಿಸಿ. ಗೆದ್ದವರನ್ನು ಬಿಡಿ, ಸೋತವರನ್ನು ಏಕೆ ಸೋತಿರಿ ಎಂದು ಕೇಳಿ. 'ಅವನ ಹತ್ತಿರ ಒಳ್ಳೆಯ ಆಯುಧ ಇತ್ತು', 'ಅವನು ದುಡ್ಡು ಕೊಟ್ಟು ಕೊಂಡಿದ್ದಾನೆ' ಎಂಬ ಉತ್ತರ ಬಂದರೆ ಮತ್ತೆ ಮೇಜಿಗೆ ಹೋಗಿ ಕೂರಿ. 'ನಾನು ಮುಂಚೆ ಹಾರಬೇಕಿತ್ತು' ಎಂದರೆ ಬಿಡುಗಡೆ ಮಾಡಿ.

ನನ್ನ ಮಗಳು ಮೊದಲ ಪಿಯುಸಿ. ಅವಳು ಆಡುವುದು 2023ರ ಸ್ಟ್ರೀಟ್ ಫೈಟರ್ 6. ಅದರಲ್ಲಿ 'ಮಾಡರ್ನ್' ಎಂಬ ಅನುಕೂಲವಿದೆ. ಒರಳು ತಿರುವದೆ ಒಂದೇ ಬಟನ್ನಿನಲ್ಲಿ ಪಟ್ಟು ಬರುತ್ತದೆ, ಅದಕ್ಕೆ ಬದಲಾಗಿ ಪೆಟ್ಟಿನ ಬಲದಲ್ಲಿ ಐದನೇ ಒಂದು ಪಾಲು ಕಡಿತ. ಮೊದಲು ನನಗೆ ಸಂಕಟವಾಯಿತು. ಕೈಯಲ್ಲಿ ಕೂತ ವಿದ್ಯೆಗೆ ಬೆಲೆಯೇ ಇಲ್ಲವೇ ಎನಿಸಿತು. ಕಳೆದ ಭಾನುವಾರ ಅವಳ ಮುಂದೆ ಸತತ ಐದು ಆಟ ಸೋತೆ. ಪ್ರತಿ ಸಲ ನಾನು ಹಾರಿದೊಡನೆ ಅವಳ ಚಿಮ್ಮುಗುದ್ದು ಸಿದ್ಧವಾಗಿರುತ್ತಿತ್ತು. ಒಂದೇ ಬಟನ್ನಿನ ಮಹಿಮೆ ಎಂದೆ.

"ಬಟನ್ ಅಲ್ಲ ಅಪ್ಪಾಜಿ," ಎಂದಳು. "ಹಾರೋ ಮುಂಚೆ ಪ್ರತಿ ಸಲ ಒಂದು ಹೆಜ್ಜೆ ಹಿಂದಕ್ಕೆ ಇಡ್ತೀರಿ ನೀವು. ಅದನ್ನ ನೋಡ್ಕೊಂಡೇ ನಾನು ಒತ್ತೋದು."

ಆರನೆಯ ಆಟದಲ್ಲಿ ಹೆಜ್ಜೆ ಹಿಂದಿಡದೆ ಹಾರಿದೆ. ಒದೆ ಬಿತ್ತು. ಸುತ್ತನ್ನು ಅವಳೇ ಗೆದ್ದಳು. ಏಳನೆಯದಕ್ಕೆ ನಾನೇ ಮೊದಲು ಸ್ಟಾರ್ಟ್ ಒತ್ತಿದೆ.